ಚಿಪ್ಪಿನಿಂದ ಗೋಡೆಗೆ: ರಾಸಾಯನಿಕ ಕ್ರಿಯೆಗಳ ಮೂಲವಿಧಗಳು
(ಉಡುಪಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತರೂಪ)



ಹಿಂದಿನವರು ದೇವಸ್ಥಾನದ ನಂದಾದೀಪದ ಎಣ್ಣೆಗೆಂದು ಗದ್ದೆಯ ಹುಟ್ಟುವಳಿಯನ್ನು ಬಿಟ್ಟುಕೊಡುತ್ತಿದ್ದರಷ್ಟೆ. ವಿದ್ಯೆಯ ಮಾತು ವರ್ಷಕ್ಕೊಮ್ಮೆಯಾದರೂ ಊರಿನ ಕಿವಿಗೆ ಬೀಳಲೆಂದು ಧನವನ್ನು ತೆಗೆದಿರಿಸುವ ಈ ದತ್ತಿಯ ಪದ್ಧತಿಯೂ ಅದೇ ಮನೋಧರ್ಮದಿಂದ ಹುಟ್ಟಿದ್ದೆಂದು ನಾನು ಭಾವಿಸುತ್ತೇನೆ. ಆದುದರಿಂದ ದೀಪದ ಒಂದು ಪ್ರಶ್ನೆಯಿಂದಲೇ ಮಾತನ್ನು ಆರಂಭಿಸಲು ಅಪ್ಪಣೆಯಾಗಬೇಕು. ಕೃಷ್ಣಮಠದ ನವಗ್ರಹಕಿಂಡಿಯ ಮುಂದೆ ನಿಂತು ಒಳಗಿನ ದೀಪದ ಬೆಳಕಿನಲ್ಲಿ ದೇವರನ್ನು ಕಂಡ ಭಕ್ತನು, ಬೆಳಗಿನಿಂದ ಇರುಳಿನವರೆಗೆ ಉರಿದ ಆ ಹಣತೆಗಳನ್ನು ನೋಡಿ, ಎಣ್ಣೆಯೆಲ್ಲ ಉರಿದು ಹೋಯಿತು ಎನ್ನುತ್ತಾನೆ. ಹೋಯಿತು ಸರಿ, ಎಲ್ಲಿಗೆ ಹೋಯಿತು? ಈ ಪ್ರಶ್ನೆಯನ್ನು ತಕ್ಕಡಿಯನ್ನು ಕೈಯಲ್ಲಿ ಹಿಡಿದು ಕೇಳುವ ಶಾಸ್ತ್ರವೇ ರಸಾಯನಶಾಸ್ತ್ರ. ಉತ್ತರವನ್ನು ಕೊನೆಯಲ್ಲಿ ಹೇಳುತ್ತೇನೆ.

ರಾಸಾಯನಿಕ ಕ್ರಿಯೆಗಳು ಮುಖ್ಯವಾಗಿ ನಾಲ್ಕು ವಿಧವೆಂದು ನಮ್ಮ ಪಠ್ಯಪುಸ್ತಕಗಳು ಹೇಳುತ್ತವೆ. ಎರಡು ವಸ್ತುಗಳು ಕೂಡಿ ಒಂದಾದರೆ ಸಂಯೋಗ. ಒಂದು ವಸ್ತುವು ಒಡೆದು ಎರಡೋ ಮೂರೋ ಆದರೆ ವಿಭಜನೆ. ಒಂದು ಧಾತುವು ಮತ್ತೊಂದನ್ನು ಅದರ ಪೀಠದಿಂದ ಕೆಳಗಿಳಿಸಿ ತಾನು ಕುಳಿತರೆ ಸ್ಥಾನಪಲ್ಲಟ. ಎರಡು ಸಂಯುಕ್ತಗಳು ತಮ್ಮ ತಮ್ಮ ಜೊತೆಗಾರರನ್ನು ಪರಸ್ಪರ ಬದಲಾಯಿಸಿಕೊಂಡರೆ ದ್ವಿಸ್ಥಾನಪಲ್ಲಟ. ಮೂರು ದಶಕಗಳ ಕಾಲ ಈ ನಾಲ್ಕು ವಾಕ್ಯಗಳನ್ನು ನಾನು ಕರಿಹಲಗೆಯ ಮೇಲೆ ಬರೆದಿದ್ದೇನೆ. ಮಕ್ಕಳು ಅವನ್ನು ತಪ್ಪಿಲ್ಲದೆ ಒಪ್ಪಿಸಿದ್ದಾರೆ. ಆದರೆ ಈ ನಾಲ್ಕೂ ಕ್ರಿಯೆಗಳನ್ನು, ಅವುಗಳ ಹೆಸರನ್ನು ಎಂದೂ ಕೇಳದ ಜನ, ಕಾಪುವಿನ ಕಡಲತಡಿಯಿಂದ ಕಾರ್ಕಳದ ಅಡಕೆತೋಟದವರೆಗಿನ ಈ ನೆಲದಲ್ಲಿ, ಸುಣ್ಣವೆಂಬ ಒಂದೇ ಒಂದು ದ್ರವ್ಯವನ್ನು ಹಿಡಿದು ತಲೆಮಾರುಗಳಿಂದ ನಡೆಸಿಕೊಂಡು ಬಂದರೆಂಬುದನ್ನು ಇಂದು ನಿಮ್ಮ ಮುಂದೆ ಇಡಬೇಕೆಂದು ನನ್ನ ಆಸೆ. ಸುಣ್ಣದ ಹಿಂದೆ ಹೋದವನಿಗೆ ಈ ನಾಲ್ಕು ವಿಧಗಳು ನಾಲ್ಕು ಪ್ರತ್ಯೇಕ ಕೋಣೆಗಳಾಗಿ ಕಾಣುವುದಿಲ್ಲ. ಒಂದೇ ದಾರಿಯ ನಾಲ್ಕು ತಿರುವುಗಳಾಗಿ ಕಾಣುತ್ತವೆ. ಆ ದಾರಿಯಲ್ಲಿ ಒಂದು ಗುಲಗಂಜಿಯಷ್ಟು ವಸ್ತುವೂ ನಷ್ಟವಾಗುವುದಿಲ್ಲವೆಂಬುದೂ ತಿಳಿಯುತ್ತದೆ.

1901ರಲ್ಲಿ ಕಟ್ಟಿದ ಕಾಪುವಿನ ದೀಪಸ್ತಂಭದಿಂದ ಬಡಗಲಿಗೆ ನಡೆದರೆ, ಉದ್ಯಾವರದ ಹೊಳೆಯು ಕಡಲನ್ನು ಕೂಡಲು ಹೋಗಿ, ಒಮ್ಮೆಲೇ ಮನಸ್ಸಾಗದೆ, ತೀರಕ್ಕೆ ಸಮಾನಾಂತರವಾಗಿ ಬಹುದೂರ ಹರಿಯುವ ತಾಣವು ಸಿಗುತ್ತದೆ. ಉಪ್ಪುನೀರೂ ಸಿಹಿನೀರೂ ಬೆರೆಯುವ ಇಂಥ ಕೆಸರಿನಲ್ಲಿ ಮರುವಾಯಿಯೆಂಬ ಚಿಪ್ಪುಜೀವಿಯು ಹುಲುಸಾಗಿ ಬೆಳೆಯುತ್ತದೆ. ಇಳಿತದ ಹೊತ್ತಿಗೆ ಮೊಣಕಾಲು ನೀರಿಗಿಳಿದು, ಪಾದದಿಂದಲೇ ತಡವಿ ಅದನ್ನು ಹೆಕ್ಕುತ್ತಿದ್ದ ಹೆಂಗಸರನ್ನು ನಾನು ಬಾಲ್ಯದಲ್ಲಿ ಕಂಡಿದ್ದೇನೆ. ಮಾಂಸವು ಅಡುಗೆಗೆ ಹೋಗುವುದು. ಚಿಪ್ಪು ಅಂಗಳದ ಮೂಲೆಯಲ್ಲಿ ರಾಶಿ ಬೀಳುವುದು. ಆ ರಾಶಿಯು ಬುಟ್ಟಿಬುಟ್ಟಿಯಾಗಿ ಸುಣ್ಣದ ಗೂಡಿಗೆ ಹೋಗುವುದು. ಗೂಡೆಂದರೆ ಆಳೆತ್ತರವೂ ಇಲ್ಲದ ಒಂದು ದುಂಡನೆಯ ಗೋಡೆ. ಅಡಿಯಲ್ಲಿ ಗಾಳಿಗೆ ಕಂಡಿ. ಒಳಗೆ ಒಂದು ಪದರು ಇದ್ದಲು, ಒಂದು ಪದರು ಚಿಪ್ಪು, ಮತ್ತೆ ಇದ್ದಲು, ಮತ್ತೆ ಚಿಪ್ಪು. ಬೆಂಕಿ ಹಿಡಿಸಿ ಗಾಳಿ ಊದಿದರೆ ಇರುಳೆಲ್ಲ ಆ ಗೂಡಿನ ಬಾಯಿ ಕೆಂಪಗೆ ಹೊಳೆಯುತ್ತಿತ್ತು. ಬೆಳಿಗ್ಗೆ ತೆಗೆದು ನೋಡಿದರೆ ಚಿಪ್ಪು ಚಿಪ್ಪಾಗಿಯೇ ಇತ್ತು. ಅದೇ ದುಂಡು, ಅದೇ ಗೆರೆಗಳು. ಆದರೆ ಅಂಗೈಯಲ್ಲಿಟ್ಟರೆ ಅದು ಹೂವಿನಂತೆ ಹಗುರ. ಆಕಾರವೆಲ್ಲ ಉಳಿದು ಭಾರ ಮಾತ್ರ ಕಾಣೆಯಾಗಿತ್ತು. ಎಂಟು ವರ್ಷದ ನನಗೆ ಇದು ಯಾವ ಮಾಯಾವಿದ್ಯೆಗಿಂತಲೂ ದೊಡ್ಡ ವಿಸ್ಮಯವಾಗಿ ತೋರಿತು.

ಆ ವಿಸ್ಮಯಕ್ಕೆ ಲೆಕ್ಕವುಂಟು. ಚಿಪ್ಪು ಬಹುಮಟ್ಟಿಗೆ ಕ್ಯಾಲ್ಸಿಯಂ ಕಾರ್ಬೊನೇಟ್. ಸುಮಾರು 900 ಡಿಗ್ರಿ ಸೆಲ್ಸಿಯಸ್‌ನ ಕಾವಿಗೆ ಸಿಕ್ಕಿದಾಗ ಅದು ಒಡೆದು, ಕ್ಯಾಲ್ಸಿಯಂ ಆಕ್ಸೈಡೆಂಬ ಸುಟ್ಟಸುಣ್ಣವೂ ಇಂಗಾಲದ ಡೈಆಕ್ಸೈಡೆಂಬ ಅನಿಲವೂ ಆಗುತ್ತದೆ; 100 ತೂಕ ಶುದ್ಧ ದ್ರವ್ಯವನ್ನು ಸುಟ್ಟರೆ ಗೂಡಿನಲ್ಲಿ ಉಳಿಯುವುದು 56, ಗಾಳಿಗೆ ಸೇರುವುದು 44. ಇದೇ ವಿಭಜನೆ. ಈ ಕ್ರಿಯೆಯು ತಾನಾಗಿ ನಡೆಯದು. ಕಾವನ್ನು ಒಂದೇ ಸಮನೆ ಹೀರಿಕೊಳ್ಳುತ್ತಲೇ ಇರುತ್ತದೆಯಾದುದರಿಂದ ಇದು ಅಂತರುಷ್ಣಕ ಕ್ರಿಯೆ. ಇರುಳೆಲ್ಲ ಇದ್ದಲನ್ನು ಉರಿಸಿ ಆ ಋಣವನ್ನು ಸಲ್ಲಿಸಬೇಕಾಗುತ್ತದೆ. ಇದ್ದಲು ಉರಿಯುವುದಾದರೋ ಇಂಗಾಲವು ಆಮ್ಲಜನಕದೊಡನೆ ಕೂಡುವ ಸಂಯೋಗ, ಕಾವನ್ನು ಹೊರಗೆ ಚೆಲ್ಲುವ ಬಹಿರುಷ್ಣಕ ಕ್ರಿಯೆ. ಒಂದು ಪದರು ಕೂಡುತ್ತದೆ, ಅದರ ಬಲದಿಂದ ಪಕ್ಕದ ಪದರು ಒಡೆಯುತ್ತದೆ.

ಆಧುನಿಕ ರಸಾಯನಶಾಸ್ತ್ರದ ಒಂದು ಮೂಲಸ್ತಂಭವು ಈ ಸುಣ್ಣದ ಮೇಲೆಯೇ ನಿಂತಿದೆಯೆಂದರೆ ನಿಮಗೆ ಸಂತೋಷವಾದೀತು. ಸುಟ್ಟಸುಣ್ಣಕ್ಕೆ ನಾಲಗೆಯನ್ನು ಸುಡುವ ತೀಕ್ಷ್ಣತೆ ಬಂದದ್ದು ಬೆಂಕಿಯ ಕಣಗಳು ಅದರೊಳಗೆ ಹೊಕ್ಕು ಕುಳಿತದ್ದರಿಂದ ಎಂದು ಯೂರೋಪಿನ ಪಂಡಿತರು ಬಹುಕಾಲ ನಂಬಿದ್ದರು. ಜೋಸೆಫ್ ಬ್ಲ್ಯಾಕ್ ಎಂಬ ಸ್ಕಾಟ್ಲೆಂಡಿನ ವೈದ್ಯನು ತಕ್ಕಡಿಯನ್ನು ನಂಬಿ, 1756ರಲ್ಲಿ ಪ್ರಕಟವಾದ ತನ್ನ ಪ್ರಬಂಧದಲ್ಲಿ, ಸುಟ್ಟಾಗ ಸುಣ್ಣಕ್ಕೆ ಏನೂ ಸೇರುವುದಿಲ್ಲ, ಅದರಿಂದ ಒಂದು ಬಗೆಯ ಗಾಳಿಯೇ ಬಿಟ್ಟುಹೋಗುತ್ತದೆ ಎಂದು ಸಾಧಿಸಿ ತೋರಿಸಿದನು. ಸುಣ್ಣದ ತಿಳಿನೀರಿಗೆ ಕೊಳವೆಯಿಂದ ನಮ್ಮ ಉಸಿರನ್ನೂದಿದರೆ ಅದು ಹಾಲಿನಂತೆ ಬೆಳ್ಳಗಾಗುವುದನ್ನು ಕಂಡು, ಗೂಡಿನಿಂದ ಹೊರಟ ಗಾಳಿಯೂ ಮನುಷ್ಯನ ಉಸಿರಿನಲ್ಲಿರುವ ಗಾಳಿಯೂ ಒಂದೇ ಎಂದು ತಿಳಿದವನೂ ಆತನೇ. ಮೂರು ದಶಕಗಳ ತರುವಾಯ, 1789ರಲ್ಲಿ, ಫ್ರಾನ್ಸಿನ ಲವಾಸಿಯೇ ತನ್ನ ಗ್ರಂಥದಲ್ಲಿ ಕ್ರಿಯೆಗೆ ಮೊದಲು ಎಷ್ಟು ದ್ರವ್ಯವಿತ್ತೋ ಕ್ರಿಯೆಯ ಅನಂತರವೂ ಅಷ್ಟೇ ಇರುತ್ತದೆಂಬ ತತ್ತ್ವವನ್ನು ಸ್ಥಾಪಿಸಿದನು. ನಮ್ಮ ಹೊಳೆಬದಿಯ ಚಿಪ್ಪಿನಲ್ಲಿ ಕಾಣೆಯಾದ 44 ಪಾಲು ಕಾಣೆಯಾಗಿಲ್ಲವೆಂದು ಧೈರ್ಯವಾಗಿ ಹೇಳುವ ಅಧಿಕಾರವು ನಮಗೆ ಬಂದದ್ದು ಇವರಿಂದ.

ಇನ್ನು ಎರಡನೆಯ ತಿರುವು. ಸುಟ್ಟ ಚಿಪ್ಪನ್ನು ಮಣ್ಣಿನ ಹಂಡೆಗೆ ಸುರಿದು ಮೇಲೆ ನೀರು ಚಿಮುಕಿಸಿದಾಗ, ಮೊದಲು ಅರೆಗಳಿಗೆ ಏನೂ ಆಗುವುದಿಲ್ಲ. ಚಿಪ್ಪುಗಳು ನೀರನ್ನು ಕುಡಿದು ಸುಮ್ಮನಿರುತ್ತವೆ. ಆಮೇಲೆ ಒಳಗೆಲ್ಲೋ ಒಂದು ಸಿಡಿತ, ಒಂದು ಸುಯ್ಯೆಂಬ ಸದ್ದು. ಬೆಂಕಿಯೇ ಇಲ್ಲದ ಹಂಡೆಯಿಂದ ಬಿಸಿಹಬೆ ಏಳುತ್ತದೆ. ನೋಡುತ್ತಿದ್ದಂತೆ ಒಂದೊಂದು ಚಿಪ್ಪೂ ಬಿರಿದು, ಉಬ್ಬಿ, ಹಿಟ್ಟಾಗಿ ಕುಸಿಯುತ್ತದೆ. ಇದಕ್ಕೆ ನಮ್ಮ ಭಾಷೆಯು ಸುಣ್ಣ ಅರಳುವುದು ಎಂದು ಹೆಸರಿಟ್ಟಿದೆ. ಮೊಗ್ಗಿಗೂ ಸುಣ್ಣಕ್ಕೂ ಒಂದೇ ಕ್ರಿಯಾಪದವನ್ನು ಕೊಟ್ಟ ಆ ಅಜ್ಞಾತ ಕನ್ನಡಿಗನ ಕಣ್ಣಿಗೆ ನಾನು ಮನಸಾ ವಂದಿಸುತ್ತೇನೆ. ಇಲ್ಲಿ ನಡೆದದ್ದು ಸಂಯೋಗ: 56 ತೂಕ ಸುಟ್ಟಸುಣ್ಣವು 18 ತೂಕ ನೀರನ್ನು ತನ್ನೊಳಗೆ ಸೇರಿಸಿಕೊಂಡು 74 ತೂಕ ಅರಳಿದ ಸುಣ್ಣವಾಯಿತು, ಇರುಳೆಲ್ಲ ಗೂಡಿನಲ್ಲಿ ಕುಡಿದ ಕಾವಿನ ಒಂದಂಶವನ್ನು ಹಬೆಯಾಗಿ ಹಿಂದಕ್ಕೆ ಕೊಟ್ಟಿತು.

ಅರಳಿದ ಸುಣ್ಣವು ಪ್ರತ್ಯಾಮ್ಲ. ಆಮ್ಲವನ್ನು ಕಂಡರೆ ಅದರೊಡನೆ ಸೇರಿ ಲವಣವೂ ನೀರೂ ಆಗುವುದು ಅದರ ಸ್ವಭಾವ. ಅರಸಿನದ ನೀರಿಗೆ ಚಿಟಿಕೆ ಸುಣ್ಣವನ್ನು ಕದಡಿ ಆರತಿಯ ಓಕುಳಿಯನ್ನು ಮಾಡುವ ನಮ್ಮ ಮನೆಯ ಹೆಂಗಸರು, ಹಳದಿಯು ಕೆಂಪಾಗುವುದನ್ನು ನೋಡಿ ಸುಣ್ಣದ ಹದವನ್ನು ತಿಳಿಯುತ್ತಾರೆ. ಪ್ರಯೋಗಶಾಲೆಯಲ್ಲಿ ಸೂಚಕವೆಂದು ನಾವು ಕರೆಯುವುದು ಇದನ್ನೇ. ಹಬ್ಬದ ಮುಂಚಿನ ದಿನ ಹಿತ್ತಾಳೆಯ ದೀಪಗಳನ್ನು ಹುಣಿಸೆಹುಳಿಯಿಂದ ತಿಕ್ಕುವಾಗಲೂ ಇದೇ ಕುಲದ ಕ್ರಿಯೆಯೇ ನಡೆಯುತ್ತದೆ: ಲೋಹದ ಮೇಲೆ ಕವಿದ ಆಕ್ಸೈಡಿನ ಮಂಕನ್ನು ಹುಳಿಯ ಟಾರ್ಟಾರಿಕ್ ಆಮ್ಲವು ಕರಗುವ ಲವಣವಾಗಿ ಮಾರ್ಪಡಿಸಿ ನೀರಿನೊಡನೆ ಕಳಿಸಿಬಿಡುತ್ತದೆ.

ಮೂರನೆಯ ಮತ್ತು ನಾಲ್ಕನೆಯ ತಿರುವುಗಳನ್ನು ಕಾಣಲು ಕಡಲನ್ನು ಬಿಟ್ಟು ಕಾರ್ಕಳದ ಕಡೆಗೆ ಏರಬೇಕು. ಘಟ್ಟದ ಬುಡದ ಆ ಸೀಮೆಯಲ್ಲಿ ಮಳೆಗಾಲವೆಂದರೆ ಅಡಕೆ ಬೆಳೆಗಾರನಿಗೆ ಕೊಳೆರೋಗದ ಭಯ. ಎಳೆಗಾಯಿಯ ಮೇಲೆ ನೀರುಗಲೆ ಕಾಣಿಸಿಕೊಂಡು, ನಾಲ್ಕು ದಿನಗಳಲ್ಲಿ ಗೊನೆಗೊನೆಯೇ ಕೊಳೆತು ಉದುರಿ, ವರ್ಷದ ಅನ್ನವು ಮರದ ಬುಡದಲ್ಲಿ ಬಿದ್ದಿರುತ್ತದೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿ ಸೇವೆಯಲ್ಲಿದ್ದ ಕೆನಡಾ ದೇಶದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ರೋಗದ ಮೂಲವನ್ನು ಶೋಧಿಸಿ 1910ರಲ್ಲಿ ವರದಿಯನ್ನು ಪ್ರಕಟಿಸಿದರು; ಬೋರ್ಡೋ ದ್ರಾವಣದ ಸಿಂಪಡಣೆಯನ್ನು ತೋಟಗಾರರಿಗೆ ಕಲಿಸಿಕೊಟ್ಟವರಲ್ಲಿ ಅವರ ಹೆಸರು ಮೊದಲನೆಯದು. ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿತೋಟಗಳಲ್ಲಿ ಮಿಲಾರ್ಡೆ ಎಂಬ ಸಸ್ಯಶಾಸ್ತ್ರಜ್ಞನು 1885ರಲ್ಲಿ ಪ್ರಚುರಪಡಿಸಿದ ಆ ಮದ್ದು, ಅಡಕೆಯ ನಾಡಿಗೆ ಬಂದು ಇಂದಿಗೂ ತೋಟವನ್ನು ಕಾಯುತ್ತಿದೆ.

ಕಾರ್ಕಳದ ಬಳಿಯ ನನ್ನ ಸೋದರಮಾವನ ತೋಟದಲ್ಲಿ ಮಳೆ ಹಿಡಿಯುವ ಮುನ್ನ ಮದ್ದು ಬಿಡುವ ದಿನವೆಂದರೆ ಮಕ್ಕಳಾದ ನಮಗೆ ಉತ್ಸವ. ಒಂದು ಪಾತ್ರೆಯಲ್ಲಿ ಮೈಲುತುತ್ತು ಕರಗಿದ ನೀಲಿನೀರು. ಇನ್ನೊಂದರಲ್ಲಿ ಸೋಸಿದ ಸುಣ್ಣದ ಹಾಲು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣವೆಂಬುದು ಇಂದಿನ ಲೆಕ್ಕ. ಮಾವನು ನೀಲಿನೀರನ್ನು ಸುಣ್ಣದ ನೀರಿಗೆ ತೆಳ್ಳಗೆ ಹೊಯ್ಯುತ್ತ, ಕೋಲಿನಿಂದ ತಿರುವುತ್ತಿದ್ದಂತೆ, ಎರಡೂ ಸೇರಿ ಆಕಾಶವರ್ಣದ ಒಂದು ಮಂದನೆಯ ಕೆನೆಯಾಗುತ್ತಿತ್ತು. ಇದೇ ದ್ವಿಸ್ಥಾನಪಲ್ಲಟ: ಮೈಲುತುತ್ತೆಂಬ ತಾಮ್ರದ ಸಲ್ಫೇಟೂ ಅರಳಿದ ಸುಣ್ಣವೆಂಬ ಕ್ಯಾಲ್ಸಿಯಂ ಹೈಡ್ರಾಕ್ಸೈಡೂ ಜೊತೆಗಾರರನ್ನು ಬದಲಾಯಿಸಿಕೊಂಡು, ಸ್ಥೂಲವಾಗಿ ಹೇಳುವುದಾದರೆ, ನೀರಿನಲ್ಲಿ ಕರಗದ ತಾಮ್ರದ ಹೈಡ್ರಾಕ್ಸೈಡೂ ಕ್ಯಾಲ್ಸಿಯಂ ಸಲ್ಫೇಟೂ ಆದವು. ಕರಗದಿರುವುದೇ ಇದರ ಗುಣ. ಧಾರೆಧಾರೆಯಾಗಿ ಸುರಿಯುವ ಮಳೆಯಲ್ಲಿಯೂ ಅದು ಕಾಯಿಗೆ ಅಂಟಿಕೊಂಡಿದ್ದು, ತಾಮ್ರವನ್ನು ಅಣುವಣುವಾಗಿ ಬಿಟ್ಟು ರೋಗದ ಬೀಜವನ್ನು ಕೊಲ್ಲುತ್ತದೆ.

ಆದರೆ ಸುಣ್ಣವು ಕಡಿಮೆಯಾಗಿ ತಾಮ್ರವು ನೀರಿನಲ್ಲಿ ಉಳಿದುಬಿಟ್ಟರೆ ಎಳೆಗಾಯಿಯೇ ಸುಟ್ಟುಹೋಗುವುದು. ಅದನ್ನು ತಿಳಿಯುವ ಬಗೆ ಹೇಗೆ? ಮಾವನು ಸೊಂಟದ ಕತ್ತಿಯನ್ನು ತೆಗೆದು, ಕಲ್ಲಿಗೆ ಉಜ್ಜಿ ಹೊಳಪು ಬರಿಸಿ, ಅದರ ಅಲಗನ್ನು ಆ ನೀಲಿ ಕೆನೆಯಲ್ಲಿ ಅದ್ದಿ, ಬಾಯಲ್ಲಿ ಎಲೆಯಡಕೆ ಮೆಲ್ಲುತ್ತ ನಿಲ್ಲುತ್ತಿದ್ದನು. ತೆಗೆದಾಗ ಅಲಗಿನ ಮೇಲೆ ಇಟ್ಟಿಗೆಯ ಬಣ್ಣದ ತೆಳುಪೊರೆ ಕಂಡರೆ, "ಕತ್ತಿ ಕೆಂಪಾಯಿತು ಮಾರಾಯ, ಸುಣ್ಣ ಸಾಲದು" ಎಂದು ಮತ್ತಿಷ್ಟು ಸುಣ್ಣವನ್ನು ಸೇರಿಸುವನು. ಅಲಗು ಬೆಳ್ಳಗೇ ಉಳಿದರೆ ಮದ್ದು ಸಿದ್ಧ. ಆ ಕೆಂಪು ಪೊರೆಯು ಬೇರೇನೂ ಅಲ್ಲ, ಶುದ್ಧ ತಾಮ್ರ. ತಾಮ್ರಕ್ಕಿಂತ ಹೆಚ್ಚು ಚಟುವಟಿಕೆಯುಳ್ಳ ಕಬ್ಬಿಣವು ದ್ರಾವಣದೊಳಕ್ಕೆ ತಾನು ಇಳಿದು, ತಾಮ್ರವನ್ನು ಲೋಹವಾಗಿ ಹೊರಕ್ಕೆ ನೂಕಿತು. ಇದೇ ಸ್ಥಾನಪಲ್ಲಟ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಕಬ್ಬಿಣದ ಮೊಳೆಯನ್ನು ಮೈಲುತುತ್ತಿನಲ್ಲಿ ಅದ್ದಿ ನೋಡಿರೆಂದು ಅಧ್ಯಾಪಕರು ಹೇಳಿದ ದಿನ, ನನಗೆ ಮಾವನ ಕತ್ತಿ ನೆನಪಾಗಿ ಕಣ್ಣು ಒದ್ದೆಯಾಯಿತು. ಸಮೀಕರಣದ ಒಂದಕ್ಷರವನ್ನೂ ಅರಿಯದ ಆತನು ಆ ಸಮೀಕರಣವನ್ನು ತನ್ನ ಬದುಕಿನ ಆಧಾರವಾಗಿ ಬಳಸುತ್ತಿದ್ದನಲ್ಲ!

ಕತ್ತಿಯ ಮೇಲೆ ನಡೆದುದನ್ನು ಇನ್ನಷ್ಟು ಹತ್ತಿರದಿಂದ ನೋಡಿದರೆ, ಕಬ್ಬಿಣದ ಪರಮಾಣುವು ಎರಡು ಎಲೆಕ್ಟ್ರಾನುಗಳನ್ನು ಕೊಟ್ಟಿತು, ತಾಮ್ರವು ಅವನ್ನು ತೆಗೆದುಕೊಂಡಿತು. ಕೊಡುವುದು ಉತ್ಕರ್ಷಣ, ಕೊಳ್ಳುವುದು ಅಪಕರ್ಷಣ. ಒಂದಿಲ್ಲದೆ ಇನ್ನೊಂದಿಲ್ಲ. ಗೂಡಿನ ಇದ್ದಲು ಉರಿಯುವುದರಲ್ಲಿಯೂ ಇದೇ ಕೊಡುಕೊಳ್ಳುವಿಕೆಯುಂಟು. ಚಿಪ್ಪು ಒಡೆಯುವುದರಲ್ಲಿ, ಸುಣ್ಣ ಅರಳುವುದರಲ್ಲಿ ಅದಿಲ್ಲ. ಹೀಗೆ ನಾಲ್ಕು ವಿಧಗಳ ವಿಂಗಡಣೆಯನ್ನು ಅಡ್ಡಹಾಯ್ದು ಹೋಗುವ ಮತ್ತೊಂದು ವಿಂಗಡಣೆಯೂ ಇದೆಯೆಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು. ಆಮ್ಲಜನಕವೆಂಬ ಹೆಸರಿನ ಕಥೆಯೂ ಇಲ್ಲಿ ಉಚಿತವೇ ಆಗಿದೆ: ಎಲ್ಲ ಆಮ್ಲಗಳಿಗೂ ಈ ಅನಿಲವೇ ಕಾರಣವೆಂದು ಭಾವಿಸಿ ಲವಾಸಿಯೇ ಕೊಟ್ಟ ಹೆಸರನ್ನೇ ನಾವು ಕನ್ನಡಿಸಿಕೊಂಡೆವು, ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಈ ಅನಿಲವೇ ಇಲ್ಲವೆಂದು ಹಂಫ್ರಿ ಡೇವಿ ತೋರಿಸಿದ ಮೇಲೆಯೂ ಹೆಸರು ಉಳಿಯಿತು. ಹೆಸರುಗಳೂ ವಿಧಗಳೂ ಮನುಷ್ಯನು ಮಾಡಿಕೊಂಡ ಅನುಕೂಲಗಳು. ದ್ರವ್ಯವು ಅವುಗಳಿಗೆ ಬದ್ಧವಲ್ಲ.

ಉತ್ಕರ್ಷಣದ ವಿರಾಟ್‌ಸ್ವರೂಪವನ್ನು ಕಾಣಬೇಕಾದರೆ ಮಣಿಪಾಲದ ಗುಡ್ಡವನ್ನು ನೋಡಬೇಕು. ಡಾ. ಟಿ. ಎಂ. ಎ. ಪೈಯವರು 1953ರಲ್ಲಿ ವೈದ್ಯಕೀಯ ಕಾಲೇಜನ್ನು ಆರಂಭಿಸಿದಾಗ ಅದು ಬೋಳುಗುಡ್ಡವಾಗಿತ್ತೆಂದು ಹಿರಿಯರು ಹೇಳುವರು. ಆ ಬೋಳುತನಕ್ಕೆ ಕಾರಣ ಅದರ ಮುರಕಲ್ಲು. 1800-01ರಲ್ಲಿ ಈ ದಕ್ಷಿಣದೇಶವನ್ನು ಸುತ್ತಿದ ಫ್ರಾನ್ಸಿಸ್ ಬುಕನನ್, ಇಟ್ಟಿಗೆಯೆಂಬ ಅರ್ಥದ ಲ್ಯಾಟಿನ್ ಶಬ್ದದಿಂದ ಈ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟು 1807ರಲ್ಲಿ ಪ್ರಕಟಿಸಿದನು. ಗಾಳಿಯ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡು ಮೃದುವಾದ ಆಮ್ಲವಾಗಿ ಸುರಿಯುವ ಮಳೆಯು, ಲಕ್ಷೋಪಲಕ್ಷ ವರ್ಷಗಳಲ್ಲಿ ಮೂಲಶಿಲೆಯ ಸಿಲಿಕಾಂಶವನ್ನು ಕರಗಿಸಿ ಕಡಲಿಗೆ ಸಾಗಿಸಿತು. ಉಳಿದ ಕಬ್ಬಿಣವು ಆಮ್ಲಜನಕದೊಡನೆ ಕೂಡಿ ಕೆಂಪಾಯಿತು. ನಾವು ಮನೆ ಕಟ್ಟುವ ಮುರಕಲ್ಲು ಬಹುಪಾಲು ಆ ತುಕ್ಕು, ಮತ್ತು ಅದರೊಡನೆ ಉಳಿದ ಅಲ್ಯೂಮಿನಿಯಂ ಖನಿಜಗಳು. ಇತ್ತ ಕಾರ್ಕಳದಲ್ಲಿ ವೀರಪಾಂಡ್ಯನು 1432ರಲ್ಲಿ ನಿಲ್ಲಿಸಿದ ಸುಮಾರು 42 ಅಡಿಯ ಗೊಮ್ಮಟನು ಅದೇ ಮಳೆಗೆ ಆರು ಶತಮಾನಗಳಿಂದ ಮೈಯೊಡ್ಡಿ ನಿಂತಿದ್ದಾನೆ. ಎರಡೂ ಸಂಯೋಗವೇ, ಹಂಡೆಯಲ್ಲಿ ಅರೆಗಳಿಗೆ, ಶಿಲೆಯಲ್ಲಿ ಯುಗ. ಕ್ರಿಯೆಯ ವಿಧವನ್ನು ಹೇಳಿದ ಮೇಲೆ ಅದರ ವೇಗವನ್ನೂ ಹೇಳದಿದ್ದರೆ ಅರ್ಧವನ್ನೇ ಹೇಳಿದಂತೆ.

ಈಗ ಸುಣ್ಣದ ದಾರಿಯ ಕೊನೆಗೆ ಬರುತ್ತೇನೆ. ಹಬ್ಬಕ್ಕೆ ಮುಂಚೆ ಗೋಡೆಗೆ ಬಳಿದ ಸುಣ್ಣವು ಮೊದಲ ದಿನ ಮಂಕಾಗಿ, ಒದ್ದೆಯಾಗಿ, ಮುಟ್ಟಿದರೆ ಕೈಗೆ ಹತ್ತುವುದು. ದಿನ ಕಳೆದಂತೆ ಗಟ್ಟಿಯಾಗಿ ಬೆಳ್ಳಗೆ ಹೊಳೆಯುವುದು. ನೀರಾರಿತು ಎಂದು ನಾವು ತಿಳಿಯುತ್ತೇವೆ. ನಡೆದದ್ದು ಅಷ್ಟೇ ಅಲ್ಲ. ಗೋಡೆಯ ಮೇಲಿನ 74 ತೂಕ ಸುಣ್ಣವು ಗಾಳಿಯಿಂದ 44 ತೂಕ ಇಂಗಾಲದ ಡೈಆಕ್ಸೈಡನ್ನು ಮೆಲ್ಲಮೆಲ್ಲನೆ ತೆಗೆದುಕೊಂಡು, ತಾನು ಹಂಡೆಯಲ್ಲಿ ಕುಡಿದಿದ್ದ 18 ತೂಕ ನೀರನ್ನು ಬಿಟ್ಟುಕೊಟ್ಟು, ಮತ್ತೆ 100 ತೂಕ ಕ್ಯಾಲ್ಸಿಯಂ ಕಾರ್ಬೊನೇಟ್ ಆಯಿತು. ಗೂಡಿನಿಂದ ಹೊರಟುಹೋದ ಆ 44 ಗೋಡೆಗೆ ಹಿಂದಿರುಗಿತು; ಕೆಸರಿನಲ್ಲಿದ್ದ ಚಿಪ್ಪು ನಮ್ಮ ಮನೆಯ ಗೋಡೆಯ ಮೇಲೆ ಪುನಃ ಚಿಪ್ಪಿನ ದ್ರವ್ಯವೇ ಆಯಿತು. ನಾವು ಬೆಳ್ಳಗೆ ಬಳಿದ ಕೋಣೆಯಲ್ಲಿ ವಾಸಮಾಡುವುದೆಂದರೆ, ಮರುವಾಯಿಯು ತನ್ನ ಚಿಪ್ಪಿನೊಳಗೆ ವಾಸಮಾಡುವಂತೆಯೇ.

ಈ ಲೆಕ್ಕವು ಸರಿಹೋಗದಿರುವ ಎಡೆಯೂ ಇಂದು ಇದೆಯೆಂಬುದನ್ನು ಹೇಳದೆ ಮುಗಿಸುವುದು ನ್ಯಾಯವಲ್ಲ. ಸಿಮೆಂಟ್ ಕಾರ್ಖಾನೆಯಲ್ಲಿ ನಡೆಯುವುದೂ ಸುಣ್ಣಕಲ್ಲಿನ ಅದೇ ವಿಭಜನೆ. ಆದರೆ ಅಲ್ಲಿಂದ ಹೊರಟದ್ದರಲ್ಲಿ ಹಿಂದಿರುಗುವುದು ಒಂದು ಭಾಗ ಮಾತ್ರ, ಅದೂ ಬಹು ನಿಧಾನವಾಗಿ. ಜಗತ್ತಿನಲ್ಲಿ ಮನುಷ್ಯನು ಗಾಳಿಗೆ ಬಿಡುವ ಇಂಗಾಲದ ಡೈಆಕ್ಸೈಡಿನಲ್ಲಿ ನೂರಕ್ಕೆ ಸುಮಾರು 7ರಿಂದ 8 ಪಾಲು ಸಿಮೆಂಟಿನ ತಯಾರಿಕೆಯದು. ಯಂತ್ರಯುಗಕ್ಕೆ ಮುಂಚೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಸುಮಾರು 280 ಇದ್ದ ಈ ಅನಿಲವು ಇಂದು 420ನ್ನು ಮೀರಿದೆ. ಅದರ ಒಂದಂಶವು ಕಡಲಿನಲ್ಲಿ ಕರಗಿ ನೀರಿನ ಕ್ಷಾರತೆಯನ್ನು ತಗ್ಗಿಸುತ್ತಿದೆ. ಹಾಗಾದಂತೆ ಚಿಪ್ಪು ಕಟ್ಟುವ ಜೀವಿಗಳಿಗೆ ಚಿಪ್ಪು ಕಟ್ಟುವುದು ಕಷ್ಟವಾಗುತ್ತದೆ. ನಾವು ಗಾಳಿಗೆ ಬಿಟ್ಟದ್ದು ಎಲ್ಲಿಗೋ ಹೋಯಿತೆಂದು ಮರೆತದ್ದರ ಋಣವನ್ನು ಹೊಳೆಬಾಯಿಯ ಮರುವಾಯಿ ತೀರಿಸಬೇಕಾದ ದಿನ ಬಂದೀತೆಂದು ನನಗೆ ನಿಜವಾಗಿಯೂ ಚಿಂತೆಯುಂಟು. ಎಲ್ಲಿಗೆ ಹೋಯಿತೆಂದು ಕೇಳುವ ಅಭ್ಯಾಸವನ್ನು ಮಕ್ಕಳಲ್ಲಿ ಬೆಳೆಸುವುದು ಆದುದರಿಂದ ಬರಿಯ ಪಾಠದ ಮಾತಲ್ಲ.

ಅಧ್ಯಾಪಕ ಮಿತ್ರರಲ್ಲಿ ನನ್ನದೊಂದು ಪ್ರಾರ್ಥನೆ. ಇದೇ ಜಿಲ್ಲೆಯ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ಒಬ್ಬರೇ ಕುಳಿತು ನಾಲ್ಕು ಸಂಪುಟಗಳ ವಿಜ್ಞಾನ ಪ್ರಪಂಚವನ್ನು ಕನ್ನಡಕ್ಕೆ ಕೊಟ್ಟರು. ಶಾಸ್ತ್ರವು ನಮ್ಮ ಮಾತಿನಲ್ಲಿ ಸಾಧ್ಯವೆಂಬುದಕ್ಕೆ ಇನ್ನಾವ ಪ್ರಮಾಣವೂ ಬೇಕಾಗಿಲ್ಲ. ಸಂಯೋಗವೆಂದು ಬರೆಯುವ ಮೊದಲು ಒಂದು ಹಿಡಿ ಸುಟ್ಟ ಚಿಪ್ಪನ್ನು ತಂದು, ಮಕ್ಕಳನ್ನು ದೂರ ನಿಲ್ಲಿಸಿ, ಕಣ್ಣಿಗೆ ಸಿಡಿಯದಂತೆ ಎಚ್ಚರವಹಿಸಿ, ನೀರು ಚಿಮುಕಿಸಿ ತೋರಿಸಿರಿ. ಸ್ಥಾನಪಲ್ಲಟವೆಂದು ಬರೆಯುವ ಮೊದಲು, ಅಡಕೆತೋಟದಿಂದ ಬಂದ ಹುಡುಗನೊಬ್ಬನನ್ನು ಎಬ್ಬಿಸಿ, ನಿಮ್ಮ ಮನೆಯಲ್ಲಿ ಮದ್ದನ್ನು ಹೇಗೆ ಪರೀಕ್ಷಿಸುವರೆಂದು ಕೇಳಿರಿ. ತನ್ನ ತಂದೆಯ ಕತ್ತಿಯಲ್ಲಿ ಶಾಸ್ತ್ರವಿತ್ತೆಂದು ತಿಳಿದ ಹುಡುಗನು ಶಾಸ್ತ್ರಕ್ಕೂ ತಂದೆಗೂ ದೂರವಾಗುವುದಿಲ್ಲ.

ಇನ್ನು ದೀಪದ ಎಣ್ಣೆ. ಅದರ ಇಂಗಾಲವೂ ಜಲಜನಕವೂ ಗಾಳಿಯ ಆಮ್ಲಜನಕದೊಡನೆ ಕೂಡಿ, ಇಂಗಾಲದ ಡೈಆಕ್ಸೈಡೂ ನೀರಾವಿಯೂ ಆಗಿ ಹೊರಟವು. ಆ ಅನಿಲದ ಹೆಚ್ಚಿನ ಪಾಲು ಬಯಲಿನ ಗಾಳಿಗೆ ಸೇರಿ ಯಾವುದೋ ತೆಂಗಿನ ಗರಿಗೆ ಆಹಾರವಾಗಿ, ಮತ್ತೆ ಎಣ್ಣೆಯಾಗಲು ಹೊರಟಿದೆ. ಹೊಸದಾಗಿ ಸುಣ್ಣ ಬಳಿದ ಗೋಡೆಯು ದೀಪದ ಹತ್ತಿರದಲ್ಲಿದ್ದರೆ, ಅದರ ಒಂದು ಎಳೆಯು ಆ ಸುಣ್ಣದೊಳಗೆ ಸೇರಿ, ಚಿಪ್ಪಿನ ದ್ರವ್ಯವಾಗಿ, ನಿನ್ನೆಯ ಬೆಳಕಿನ ಎದುರಿನಲ್ಲಿಯೇ ಬೆಳ್ಳಗೆ ಕುಳಿತಿದೆ.